ಘುಣಾಕ್ಷರ

ಬನಹಟ್ಟಿಯಲ್ಲಿ ನಾನು ಸಂಜೆಯ ಹೊತ್ತು ಕುಳಿತು ಚಹ ಕುಡಿಯುವ ಅಂಗಡಿಯೊಂದಿದೆ. ಅಂಗಡಿಯವನು ಈಚೆಗೆ ಹೊಸ ಬಾಕು ಮಾಡಿಸಿದ. ಹೊಸದೆಂದರೆ ಮರವೇನೂ ಹೊಸದಲ್ಲ. ಊರಿನ ಯಾವುದೋ ಮಗ್ಗದ ಕಾರಖಾನೆಗೆ ಪರದೇಶದಿಂದ ಯಂತ್ರ ಬಂದಿತ್ತಂತೆ. ಅದು ಕುಳಿತು ಬಂದ ಮರದ ಚೌಕಟ್ಟನ್ನೂ ಸುತ್ತ ಬಡಿದಿದ್ದ ಹಲಗೆಗಳನ್ನೂ ಇವನು ತೂಕದ ಮೇಲೆ ಕೊಂಡು ತಂದು, ಒಳ್ಳೆಯವನ್ನು ಬಾಕಿಗೆ ಹಚ್ಚಿ, ಮುರುಕನ್ನು ಒಲೆಯ ಪಕ್ಕಕ್ಕೆ ಒಟ್ಟಿದ್ದ. ಮೊನ್ನೆ ನಾನು ಕುಳಿತಿದ್ದಾಗ ಅವನ ಮಗ, ನಾಲ್ಕನೆಯ ಇಯತ್ತೆಯ ಹುಡುಗ, ನನ್ನ ಮೊಣಕಾಲ ಬಳಿ ಬಗ್ಗಿ ಹಲಗೆಯ ಅಂಚನ್ನು ತೋರಿಸಿ ಕೇಳಿದ: "ಮಾಸ್ತರ್ರ, ಇದು ಜ್ವಾಳದ ತೆನಿ ಏನ್ರೀ?"

ನೋಡಿದೆ. ಮರವನ್ನು ಸುಟ್ಟು ಒತ್ತಿದ ಮುದ್ರೆ. ಒಂದು ಚೌಕ, ಅದರ ಎಡಕ್ಕೆ ನೆಟ್ಟಗೆ ನಿಂತ ತೆನೆ, ಬಲಕ್ಕೆ ಸಿ, ಎನ್ ಎಂಬ ಎರಡು ಇಂಗ್ಲಿಷ್ ಅಕ್ಷರ, ಒಂದು ಸಂಖ್ಯೆ, ಕಡೆಗೆ ಎಚ್, ಟಿ ಎಂಬ ಇನ್ನೆರಡು ಅಕ್ಷರ. ತೆನೆ ಜೋಳದ್ದಲ್ಲ, ಗೋದಿಯದು. "ಗೋದಿ ತೆನಿ, ತಮ್ಮಾ. ಹುಳದ ಸಲುವಾಗಿ ಹಾಕ್ಯಾರ" ಎಂದೆ. ಹುಡುಗ ನಕ್ಕುಬಿಟ್ಟ. ಹುಳದ ಸಲುವಾಗಿ ಯಾರಾದರೂ ಅಕ್ಷರ ಬರೆಯುತ್ತಾರೆಯೇ? ಅಷ್ಟರಲ್ಲಿ ಅವನ ತಂದೆ ಕರೆದ, ಅವನು ಓಡಿದ. ಅವನಿಗೆ ಕೊಡಬೇಕಾಗಿದ್ದ ಉಳಿದರ್ಧ ಉತ್ತರವನ್ನು ವಾಚಕರ ಮುಂದೆ ಇಡುತ್ತಿದ್ದೇನೆ.

ನಮ್ಮ ಹಿಂದಣ ಪಂಡಿತರಲ್ಲಿ ಘುಣಾಕ್ಷರನ್ಯಾಯ ಎಂಬ ಮಾತೊಂದಿತ್ತು. ಘುಣವೆಂದರೆ ಮರವನ್ನು ಕೊರೆಯುವ ಹುಳು. ಅದು ತಿನ್ನುತ್ತ ಹೋದ ದಾರಿ ಒಮ್ಮೊಮ್ಮೆ ಅಕ್ಷರದಂತೆ ಕಾಣುವುದುಂಟು. ಹುಳಕ್ಕೆ ಓದುಬರಹ ಬಂದಿತೆಂದು ಅದರ ಅರ್ಥವಲ್ಲ. ಉದ್ದೇಶವಿಲ್ಲದೆ ಒದಗಿಬಂದ ಸಂಗತಿಗೆ ಆ ಹೆಸರು. ನಿಜ ಹೇಳಬೇಕೆಂದರೆ ಘುಣ ಬರೆದ ಅಕ್ಷರಕ್ಕಿಂತ ಅಳಿಸಿದ ಅಕ್ಷರವೇ ಹೆಚ್ಚು. ರನ್ನ ಹುಟ್ಟಿದ ಮುಧೋಳದ ಸೀಮೆಯವರು ನಾವು. ಹಳೆಯ ಓಲೆಗರಿಗಳಲ್ಲಿ ಹುಳು ಕೊರೆದ ತೂತಿನ ಜಾಗಕ್ಕೆ ಯಾವ ಅಕ್ಷರವಿದ್ದೀತೆಂದು ಸಂಪಾದಕರು ತಲೆ ಕೆರೆದುಕೊಂಡ ಕಥೆ ನಮಗೆ ಹೊಸದಲ್ಲ. ಆದರೆ ಈಗ ನಾನು ಹೇಳಹೊರಟ ಘುಣಾಕ್ಷರ ಬೇರೆ ಬಗೆಯದು. ಹುಳದ ಭಯದಿಂದ ಮನುಷ್ಯನೇ ಮರದ ಮೇಲೆ ಬರೆದದ್ದು ಅದು.

ನಮ್ಮ ಕಡೆ ಈ ಹುಳಕ್ಕೆ ಕುಟ್ಟೆ ಎನ್ನುತ್ತಾರೆ. ನನ್ನ ಅಜ್ಜ ಬನಹಟ್ಟಿಯಲ್ಲಿ ಸೀರೆ ನೇಯುತ್ತಿದ್ದರು. ಅವರದು ಕುಣಿಮಗ್ಗ. ಬೆಳಿಗ್ಗೆ ಎದ್ದು ನೋಡಿದರೆ ಬಟ್ಟೆ ಸುತ್ತುವ ಮರದ ದಿಂಡಿನ ಕೆಳಗೆ ಸೋಸಿದ ಜೋಳದ ಹಿಟ್ಟಿನಂಥ ನುಣ್ಣನೆಯ ಪುಡಿ ಬಿದ್ದಿರುತ್ತಿತ್ತು. ಅಜ್ಜಿ ಗುಡಿಸುವರು, ಅಜ್ಜ ಹತ್ತಿಯ ಎಳೆಯನ್ನು ಚಿಮಣಿ ಎಣ್ಣೆಯಲ್ಲಿ ಅದ್ದಿ ಒಂದೊಂದೇ ತೂತಿಗೆ ತುರುಕುವರು. ಎರಡು ತಿಂಗಳು ಕಳೆದರೆ ಇನ್ನೊಂದು ಮಗ್ಗುಲಲ್ಲಿ ಮತ್ತೆ ಪುಡಿ. ಕಡೆಗೆ ಒಂದು ದಿನ ನೇಯುತ್ತಿರುವಾಗಲೇ ದಿಂಡು ಲಟ್ಟೆಂದು ಮುರಿಯಿತು. ಒಳಗೆಲ್ಲ ಹಿಟ್ಟು; ಹೊರಗೆ ಕಾಗದದಷ್ಟು ತೆಳುವಾದ ಮರದ ಸಿಪ್ಪೆ. ಅರ್ಧ ನೇಯ್ದ ಸೀರೆ ಹಾಳಾಯಿತು. ಆ ವಾರ ನಮ್ಮ ಮನೆಯಲ್ಲಿ ಸಂತೆ ಆಗಲಿಲ್ಲ.

ಹೊಸ ದಿಂಡು ಮಾಡಿಕೊಟ್ಟ ಬಡಿಗರು ಮುಧೋಳದವರು. ಅವರು ಕೆಲಸ ಮಾಡುತ್ತಿದ್ದಾಗ ನಾನು ಮುಂದೆ ಕುಳಿತು ನೋಡುವವನು. ಅವರು ಹೇಳಿದ ಒಂದು ಮಾತು ಇಂದಿಗೂ ನೆನಪಿದೆ: "ಹುಳಕ್ಕ ಕಟಗಿ ಬ್ಯಾಡೋ ತಮ್ಮಾ, ಅದರಾಗಿನ ಹಿಟ್ಟು ಬೇಕು. ಹಿಟ್ಟು ತಗದ ಒಗದಿ ಅಂದ್ರ ಹುಳಾ ತಾನ ಹೋಗತೈತಿ." ಎಷ್ಟೋ ವರ್ಷಗಳ ಮೇಲೆ ಕೀಟಶಾಸ್ತ್ರದ ಪುಸ್ತಕ ತೆರೆದಾಗ ಬಡಿಗರ ಮಾತೇ ಅಲ್ಲಿ ಬೇರೆ ಪರಿಭಾಷೆಯಲ್ಲಿ ಕಂಡಿತು. ಮರದ ನಡುವಿನ ಕಪ್ಪು ಚೇಗನ್ನು ಈ ಹುಳು ಮುಟ್ಟುವುದು ಅಪರೂಪ. ತೊಗಟೆಯ ಕೆಳಗಿನ ಬಿಳಿಯ ಭಾಗದಲ್ಲಿ ಮರ ತನಗಾಗಿ ಪಿಷ್ಟವನ್ನು ಕೂಡಿಟ್ಟುಕೊಂಡಿರುತ್ತದೆ. ಹಿಟ್ಟುಕುಟ್ಟೆಯ ಜಾತಿಯ ಹೆಣ್ಣು ಮೊದಲು ಮರವನ್ನು ಕಚ್ಚಿ ರುಚಿ ನೋಡಿ, ಪಿಷ್ಟವಿದ್ದರೆ ಮಾತ್ರ ಮರದ ಸೂಕ್ಷ್ಮ ರಂಧ್ರಗಳಲ್ಲಿ ಮೊಟ್ಟೆಯಿಡುತ್ತದೆ. ಮರಿ ಹೊರಬಂದು ತಿಂಗಳುಗಟ್ಟಲೆ ಒಳಗೇ ತಿಂದು, ರೆಕ್ಕೆ ಬಂದಮೇಲೆ ಒಂದೆರಡು ಮಿಲಿಮೀಟರಿನ ತೂತು ಕೊರೆದು ಹಾರಿಹೋಗುತ್ತದೆ. ನಾವು ತೂತು ಕಂಡು ಹೌಹಾರುವ ಹೊತ್ತಿಗೆ ಕಳ್ಳ ಊರು ಬಿಟ್ಟಿರುತ್ತಾನೆ. ಅಜ್ಜನ ಚಿಮಣಿ ಎಣ್ಣೆ ವ್ಯರ್ಥವಾದದ್ದು ಹೀಗೆ.

ಬಡಿಗರು ಜಾಲಿಯ ದಿಮ್ಮಿಗಳನ್ನು ಘಟಪ್ರಭೆಯ ಮಡುವಿನಲ್ಲಿ ಹಗ್ಗ ಕಟ್ಟಿ ಮುಳುಗಿಸಿ, ಮೇಲೆ ಕಲ್ಲು ಹೇರಿ, ತಿಂಗಳುಗಟ್ಟಲೆ ಬಿಡುತ್ತಿದ್ದರು. ತೆಗೆದಾಗ ಮೂಗು ಬಿಡುವಂತಿರಲಿಲ್ಲ, ಅಷ್ಟು ನಾತ. ನೀರಿನೊಳಗೆ ಪಿಷ್ಟ ಕೊಳೆತು ಕರಗಿಹೋಗುವ ನಾತ ಅದು. ಒಳಗಿದ್ದ ಹುಳು ಸಾಯುತ್ತದೆ, ಹೊರಗಿನ ಹುಳಕ್ಕೆ ತಿನ್ನಲು ಏನೂ ಉಳಿಯುವುದಿಲ್ಲ. ಗಾಡಿಯ ಗಾಲಿಗೂ ನೇಗಿಲಿಗೂ ಅಂಥ ಮರವೇ ಆಗಬೇಕು. ವಿಷವಿಲ್ಲ, ಖರ್ಚಿಲ್ಲ. ಆದರೆ ಹೊತ್ತು ಬೇಕು, ಮಡು ಬೇಕು. ಇವೆರಡೂ ಇಂದು ತುಟ್ಟಿ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಬೀಳಗಿ ತಾಲೂಕಿನಲ್ಲಿ ನನ್ನ ತಾಯಿಯ ತವರು. ಮೇಲ್ಮುದ್ದೆಯ ಮನೆ. ಅಡಿಗೆಮನೆಯ ಜಂತಿಗಳು ಹೊಗೆ ಕುಡಿದು ಇದ್ದಿಲಿನಂತೆ ಕಪ್ಪಗಾಗಿ ಮಿರಮಿರ ಮಿಂಚುತ್ತಿದ್ದವು. ಅವುಗಳಲ್ಲಿ ಒಂದು ತೂತು ಇರಲಿಲ್ಲ. ಪಡಸಾಲೆಯಲ್ಲಿ ಮಾವ ಆಮೇಲೆ ಹಾಕಿಸಿದ ಮಾವಿನ ಮರದ ಎರಡು ತೊಲೆಗಳಿಗೆ ಮಾತ್ರ ಕುಟ್ಟೆ ಬಿದ್ದಿತ್ತು. ಆಲಮಟ್ಟಿಯ ಹಿನ್ನೀರು ಬರುತ್ತದೆಂದು ಊರು ಎತ್ತಿದಾಗ ಎಲ್ಲರಂತೆ ಅವರೂ ಬಾಗಿಲು, ಕಂಬ, ಜಂತಿ, ತೊಲೆ ಬಿಚ್ಚಿ ಟ್ರಾಕ್ಟರಿನಲ್ಲಿ ಹೇರಿಕೊಂಡು ಹೊಸ ಜಾಗಕ್ಕೆ ಹೋದರು. ಎರಡನೆಯ ವರ್ಷಕ್ಕೆ ಹೊಸ ಮನೆಯ ಹೊಸ ಕದದ ಕೆಳಗೂ ಹಿಟ್ಟು. ಕಂಬ ತೊಲೆಗಳೊಡನೆ ಲೆಕ್ಕಕ್ಕೆ ಬಾರದ ಒಕ್ಕಲೊಂದು ಗಾಡಿ ಹತ್ತಿ ಬಂದಿತ್ತು! ಮರ ಊರು ಬದಲಿಸಿದರೆ ಹುಳವೂ ಊರು ಬದಲಿಸುತ್ತದೆ. ಜಗತ್ತಿನ ಬಂದರುಗಳಲ್ಲಿ ಇಂದು ನಡೆದಿರುವ ಕಟ್ಟುನಿಟ್ಟೆಲ್ಲ ನನ್ನ ಮಾವನ ತೊಲೆಯ ಕಥೆಯೇ, ದೊಡ್ಡ ಪ್ರಮಾಣದಲ್ಲಿ.

ಅದಕ್ಕೆ ಹೋಗುವ ಮೊದಲು ನಮ್ಮ ಸೀಮೆಯ ಇನ್ನೊಂದು ಜಾಣತನವನ್ನು ಹೇಳದೆ ಮುಂದೆ ಸಾಗಲಾರೆ. ಅದು ಹಗೇವು. ಜೋಳವನ್ನು ನೆಲದೊಳಗಿನ ಗುಂಡಿಗೆ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿಬಿಡುವುದು. ಒಳಗೆ ಕಾಳೂ ಉಸಿರಾಡುತ್ತದೆ, ನುಸಿಯೂ ಉಸಿರಾಡುತ್ತದೆ. ಇದ್ದ ಆಮ್ಲಜನಕ ತೀರಿ ಇಂಗಾಲಾಮ್ಲ ತುಂಬಿದಾಗ ನುಸಿ ತನ್ನ ಉಸಿರಿಗೆ ತಾನೇ ಸಿಕ್ಕಿ ಸಾಯುತ್ತದೆ. ವಿಷ ಹಾಕದೆ ಕೀಟ ಕೊಲ್ಲುವ ಇಂಥ ಉಪಾಯವನ್ನು ನಮ್ಮ ಒಕ್ಕಲಿಗರು ಯಾವ ಪ್ರಯೋಗಶಾಲೆಯಲ್ಲೂ ಕಲಿಯಲಿಲ್ಲ. ಇಂದು ಪರದೇಶದ ವಸ್ತುಸಂಗ್ರಹಾಲಯಗಳಲ್ಲಿ ಹುಳು ಬಿದ್ದ ಹಳೆಯ ಮರದ ಮೂರ್ತಿಗಳನ್ನು ಗಾಳಿಯಾಡದ ಚೀಲದಲ್ಲಿಟ್ಟು ಆಮ್ಲಜನಕ ಹೊರದೂಡಿ ವಾರಗಟ್ಟಲೆ ಬಿಡುತ್ತಾರೆ, ತತ್ತ್ವ ಅದೇ. ಹಾಗೆಂದು ಹಗೇವನ್ನು ಹೊಗಳುತ್ತ ಕೂಡುವುದೂ ಸರಿಯಲ್ಲ. ಅವಸರದಿಂದ ಬಾಯಿ ತೆರೆದು ಒಳಗಿಳಿದು ಮೇಲೆ ಬಾರದವರ ನೆನಪು ನಮ್ಮ ಹಳ್ಳಿಗಳಲ್ಲಿ ಉಂಟು. ಅದಕ್ಕೇ ಹಿರಿಯರು ಬಾಯಿ ತೆರೆದು ಸಾಕಷ್ಟು ಹೊತ್ತು ಗಾಳಿಯಾಡಲು ಬಿಟ್ಟು, ದೀಪ ಇಳಿಬಿಟ್ಟು, ಅದು ಉರಿದರೆ ಮಾತ್ರ ಆಳನ್ನು ಇಳಿಸುತ್ತಿದ್ದರು. ಹುಳವನ್ನು ಕೊಲ್ಲುವ ಗಾಳಿ ಮನುಷ್ಯನನ್ನು ಬಿಡುವುದಿಲ್ಲ. ಈ ಮಾತನ್ನು ವಾಚಕರು ನೆನಪಿಟ್ಟುಕೊಳ್ಳಬೇಕು. ಮುಂದೆ ಮತ್ತೆ ಬರುತ್ತದೆ.

ಇನ್ನು ಹಡಗಿನ ಮಾತು. ಹುಳು ಸಮುದ್ರ ದಾಟಿ ಬರುತ್ತದೆಂಬ ಭಯ ನಮ್ಮ ದೇಶದ ಸರಕಾರಕ್ಕೆ ಮೊದಲು ಹುಟ್ಟಿದ್ದು ಮರದಿಂದಲ್ಲ, ಅರಳೆಯಿಂದ. ಅಮೇರಿಕೆಯ ಹತ್ತಿಯ ಕಾಯಿಯನ್ನು ತಿನ್ನುವ ಮೂತಿಹುಳು ಆಮದಾಗುವ ಅರಳೆಯ ಅಂಡಿಗೆಗಳಲ್ಲಿ ಬಂದೀತೆಂದು 1906ರಲ್ಲಿ ಆ ಅಂಡಿಗೆಗಳಿಗೆ ಕಡ್ಡಾಯವಾಗಿ ವಿಷದ ಹೊಗೆ ಕೊಡಬೇಕೆಂದು ಅಪ್ಪಣೆಯಾಯಿತು. 1914ರಲ್ಲಿ ವಿನಾಶಕಾರಿ ಕೀಟ ಮತ್ತು ಪಿಡುಗುಗಳ ಕಾಯದೆ ಬಂದಿತು. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು ಆಳುತ್ತಿದ್ದ ಕಾಲ ಅದು. ಹತ್ತಿಯನ್ನೇ ನಂಬಿ ಬದುಕಿದ ನಮ್ಮ ನೇಕಾರರ ಓಣಿಗಳಿಗೆ ಈ ಕಾಯದೆಯ ಹೆಸರೂ ಮುಟ್ಟಿರಲಾರದು. ಮೂತಿಹುಳು ಮಾತ್ರ ಇಂದಿಗೂ ಭಾರತಕ್ಕೆ ಬಂದಿಲ್ಲ.

ಅರಳೆಯನ್ನು ನೋಡಿದವರು ಅರಳೆ ತುಂಬಿದ ಪೆಟ್ಟಿಗೆಯನ್ನೇಕೆ ನೋಡಲಿಲ್ಲ ಎಂದು ಯಾರಾದರೂ ಕೇಳಬಹುದು. ಪೆಟ್ಟಿಗೆ ಸರಕಲ್ಲ, ಅದಕ್ಕೆ ಬೆಲೆಯಿಲ್ಲ, ಬೆಲೆಯಿಲ್ಲದ್ದಕ್ಕೆ ತಪಾಸಣೆಯೂ ಇಲ್ಲ. ಎಲ್ಲಕ್ಕಿಂತ ಕೀಳಾದ, ಹಸಿಯಾದ, ತೊಗಟೆ ಹತ್ತಿದ ಮರವೇ ಪೆಟ್ಟಿಗೆಗೆ ಹೋಗುತ್ತದೆ. ಹುಳಕ್ಕೆ ಬೇಕಾದದ್ದೂ ಅದೇ. ಶತಮಾನದ ಬಹುಪಾಲು ಈ ಬಾಗಿಲು ತೆರೆದೇ ಇತ್ತು.

ಈ ನಡುವೆ ಎರಡು ವರ್ಷಗಳಲ್ಲಿ ಎರಡು ಶೋಧಗಳು ನಡೆದವು. 1932ರಲ್ಲಿ ಫ್ರಾನ್ಸಿನ ಲ ಗೂಪಿಲ್ ಎಂಬಾತ ಮೀಥೈಲ್ ಬ್ರೋಮೈಡ್ ಎಂಬ ಅನಿಲಕ್ಕೆ ಕೀಟಗಳನ್ನು ಕೊಲ್ಲುವ ಶಕ್ತಿಯಿದೆಯೆಂದು ತೋರಿಸಿದ. 1933ರಲ್ಲಿ ನಮ್ಮವರೇ ಆದ ಸೋಂಟಿ ಕಾಮೇಶನ್ ಡೆಹರಾಡೂನಿನ ಅರಣ್ಯ ಸಂಶೋಧನ ಸಂಸ್ಥೆಯಲ್ಲಿ ತಾಮ್ರ, ಕ್ರೋಮಿಯಂ, ಪಾಷಾಣ ಈ ಮೂರರ ಲವಣಗಳನ್ನು ಬೆರೆಸಿ ಮರಕ್ಕೆ ಒತ್ತಡದಿಂದ ಕುಡಿಸುವ ಔಷಧವನ್ನು ಕಂಡುಹಿಡಿದರು. ಪಾಷಾಣ, ತಾಮ್ರಗಳ ರಾಸಾಯನಿಕ ಸಂಕೇತಗಳನ್ನು ಕೂಡಿಸಿ ಅದಕ್ಕೆ 'ಆಸ್ಕು' ಎಂದು ಹೆಸರಾಯಿತು. ತಂತಿಯ ಕಂಬಕ್ಕೂ ರೈಲು ಹಳಿಯ ಕೆಳಗಿನ ಮರಕ್ಕೂ ಇದರಿಂದ ಆಯುಷ್ಯ ಬಂದಿತು. ಭಾರತದ ಪ್ರಯೋಗಶಾಲೆಯೊಂದರ ಶೋಧ ಜಗತ್ತಿನಲ್ಲೆಲ್ಲ ಬಳಕೆಗೆ ಬಂದದ್ದು ಹೆಮ್ಮೆಯ ಸಂಗತಿಯೇ. ಆದರೆ ಪಾಷಾಣ ಪಾಷಾಣವೇ. ಮಕ್ಕಳು ಆಡುವ ಕಟ್ಟೆಗೂ ಮನೆಯ ಜಗುಲಿಗೂ ಅಂಥ ಮರ ಬೇಡವೆಂದು 2003ರ ಕೊನೆಗೆ ಅಮೇರಿಕೆಯಲ್ಲಿ ಅದನ್ನು ಮನೆಬಳಕೆಯಿಂದ ಹಿಂದಕ್ಕೆ ತೆಗೆದುಕೊಂಡರು. ಒಂದು ಸಾರಿ ಸರಕು ಹೊತ್ತು ಆಮೇಲೆ ಯಾರದೋ ಒಲೆಗೆ ಹೋಗುವ ಪೆಟ್ಟಿಗೆಯ ಹಲಗೆಗೆ ಪಾಷಾಣ ಕುಡಿಸುವುದು ಹೇಗೂ ಸಲ್ಲದ ಮಾತು.

ಆದ್ದರಿಂದ ಪೆಟ್ಟಿಗೆಗೆ ಒದಗಿದ್ದು ಅನಿಲ. ಮೀಥೈಲ್ ಬ್ರೋಮೈಡಿನ ಗುಣಗಳನ್ನು ಕೇಳಿದರೆ ವ್ಯಾಪಾರಿಗೆ ಬಾಯಲ್ಲಿ ನೀರೂರಬೇಕು. ಬಣ್ಣವಿಲ್ಲ, ಬೆಂಕಿ ಹತ್ತುವ ಭಯ ಕಡಿಮೆ, ಮರದ ಎಳೆಯೆಳೆಗೂ ಇಳಿಯುತ್ತದೆ; ತಾಡಪತ್ರಿ ಹೊದಿಸಿ ಅಂಚಿಗೆ ಮರಳಿನ ಚೀಲ ಹೇರಿ 24 ತಾಸು ಬಿಟ್ಟರೆ ಕೆಲಸ ಮುಗಿಯಿತು. 21 ಡಿಗ್ರಿ ಸೆಂಟಿಗ್ರೇಡಿನ ಹವೆಯಲ್ಲಿ ಘನಮೀಟರಿಗೆ 48 ಗ್ರಾಂ ಸಾಕು. ಸರಕು ಇಳಿಸುವ ಕಷ್ಟವಿಲ್ಲ. ಒಂದೇ ತೊಂದರೆ, ಹಗೇವಿನ ಗಾಳಿಯ ಹಾಗೆ ಅದಕ್ಕೂ ವಾಸನೆಯಿಲ್ಲ. ಅದು ಇದೆಯೆಂದು ಗೊತ್ತಾಗಲೆಂದೇ ಕಣ್ಣಲ್ಲಿ ನೀರು ಬರಿಸುವ ಇನ್ನೊಂದು ಅನಿಲವನ್ನು ನೂರಕ್ಕೆ ಎರಡರಂತೆ ಬೆರೆಸುವ ಪದ್ಧತಿಯುಂಟು.

ನನ್ನ ಸೋದರಮಾವನ ಮಗನೊಬ್ಬ ಊರಲ್ಲಿ ಮಗ್ಗ ನಿಂತಮೇಲೆ ಮುಂಬಯಿಗೆ ಹೋಗಿ ಗೋದಾಮೊಂದರಲ್ಲಿ ಹಮಾಲಿ ಮಾಡಿಕೊಂಡಿದ್ದ. ಯಾವ ಗೋದಾಮು ಎಂಬುದು ಬೇಡ. ಒಂದು ದಿನ ತಾಡಪತ್ರಿ ತೆಗೆದ ಸ್ವಲ್ಪ ಹೊತ್ತಿಗೇ, ಲಾರಿ ಕಾಯುತ್ತಿದೆಯೆಂದು ಮುಕಾದಮ ಅವಸರ ಮಾಡಿದ. ಇವರು ಒಳಗೆ ಹೋಗಿ ಪೆಟ್ಟಿಗೆ ಎತ್ತಿದರು. ಆಗ ಏನೂ ಅನ್ನಿಸಲಿಲ್ಲವಂತೆ. ರಾತ್ರಿ ವಾಂತಿ, ತಲೆಶೂಲೆ. ಆಮೇಲೆ ತಿಂಗಳುಗಟ್ಟಲೆ ಕೈ ನಡುಗುವುದು. ಊರಿಗೆ ಬಂದಾಗ ಚಹದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಕುಡಿಯುತ್ತಿದ್ದ. ಮನೆಮಂದಿ ಮುಂಬಯಿಯ ಹವೆ ತಾಳಲಿಲ್ಲವೆಂದರು, ಕೆಲವರು ಕುಡಿತ ಕಲಿತನೆಂದರು. ನರಮಂಡಲವನ್ನು ಹಿಡಿಯುವುದು, ತಡವಾಗಿ ಹಿಡಿಯುವುದು ಈ ಅನಿಲದ ಸ್ವಭಾವವೆಂದು ನಾನು ಓದಿ ತಿಳಿಯುವ ಹೊತ್ತಿಗೆ ಆತ ಹೊಲದ ಕೆಲಸಕ್ಕೂ ಆಗದವನಾಗಿದ್ದ. ನಮ್ಮ ದೇಶದಲ್ಲಿ ಇದನ್ನು ತಜ್ಞರ ಮೇಲ್ವಿಚಾರಣೆಯಿಲ್ಲದೆ ಬಳಸಕೂಡದೆಂಬ ನಿಬಂಧನೆಯಿದೆ. ನಿಬಂಧನೆ ಕಾಗದದ ಮೇಲೆ; ಅವಸರ ಲಾರಿಯ ಮೇಲೆ.

ಆದರೆ ಹಮಾಲನ ಕೈ ನಡುಗಿದ್ದಕ್ಕೆ ಜಗತ್ತು ಈ ಅನಿಲವನ್ನು ಬಿಡಹೊರಡಲಿಲ್ಲ. ಅದಕ್ಕೆ ಆಕಾಶವೇ ಸಾಕ್ಷಿ ಹೇಳಬೇಕಾಯಿತು. ಸೂರ್ಯನ ಅತಿನೇರಳೆ ಕಿರಣಗಳಿಂದ ನಮ್ಮನ್ನು ಕಾಯುವ ಓಝೋನ್ ಪದರಕ್ಕೆ ಕೆಲವು ಅನಿಲಗಳು ಕೇಡು ಮಾಡುತ್ತಿವೆಯೆಂದು 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲಿನಲ್ಲಿ ರಾಷ್ಟ್ರಗಳು ಒಪ್ಪಂದಕ್ಕೆ ಸಹಿ ಹಾಕಿದವು. 1992ರಲ್ಲಿ ಕೋಪನ್‌ಹೇಗನ್ ಸಭೆಯಲ್ಲಿ ಮೀಥೈಲ್ ಬ್ರೋಮೈಡ್ ಆ ಪಟ್ಟಿಗೆ ಸೇರಿತು. ಮುಂದುವರಿದ ದೇಶಗಳು 2005ಕ್ಕೆ, ನಮ್ಮಂಥ ದೇಶಗಳು 2015ಕ್ಕೆ ಅದನ್ನು ನಿಲ್ಲಿಸಬೇಕೆಂದು ಗೊತ್ತಾಯಿತು. ಹೊಲಗದ್ದೆಗಳಲ್ಲಿ ಅದರ ಬಳಕೆ ಬಹಳಮಟ್ಟಿಗೆ ನಿಂತಿತು. ವಾಯುಮಂಡಲದಲ್ಲಿ ಅದರ ಅಂಶವೂ ಇಳಿಯಿತು. ಆದರೆ ಒಪ್ಪಂದದಲ್ಲಿ ಒಂದು ಕಿಂಡಿ ಇಟ್ಟಿದ್ದರು: ಬಂದರಿನಲ್ಲಿ ಪಿಡುಗು ತಡೆಯುವುದಕ್ಕಾಗಿ ಬಳಸಿದರೆ ಅಡ್ಡಿಯಿಲ್ಲ. ಇಂದು ಜಗತ್ತಿನಲ್ಲಿ ಉಳಿದಿರುವ ಬಳಕೆಯ ಬಹುಪಾಲು ಈ ಕಿಂಡಿಯಲ್ಲೇ ನುಸುಳಿದ್ದು.

ವಿಚಿತ್ರವೆಂದರೆ ಕಿಂಡಿ ಹಿಗ್ಗಿದ್ದಕ್ಕೂ ಹುಳವೇ ಕಾರಣ. 1996ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದಲ್ಲಿ ಬೀದಿಯ ಮೇಪಲ್ ಮರಗಳಲ್ಲಿ ಬೆರಳು ತೂರುವಂಥ ತೂತುಗಳು ಕಂಡವು. ಉದ್ದ ಮೀಸೆಯ, ಕಪ್ಪು ಮೈಮೇಲೆ ಬಿಳಿ ಚುಕ್ಕೆಯ ಒಂದು ದುಂಬಿ ಚೀನದಿಂದ ಪೆಟ್ಟಿಗೆಯ ಮರದಲ್ಲಿ ಬಂದಿತ್ತು. 1998ರಲ್ಲಿ ಶಿಕಾಗೋದಲ್ಲೂ ಕಂಡಿತು. ನಮ್ಮ ಕುಟ್ಟೆ ಸತ್ತ ಮರವನ್ನಷ್ಟೇ ತಿನ್ನುವ ಬಡಪಾಯಿ. ಇದು ಜೀವಂತ ಮರವನ್ನೇ ಒಣಗಿಸುವಂಥದು. ಸಾವಿರಾರು ಮರಗಳನ್ನು ಕಡಿದು ಚೂರು ಮಾಡಿದ ಮೇಲೆ 2008ರಲ್ಲಿ ಶಿಕಾಗೋ ಪೀಡೆಯಿಂದ ಪಾರಾಯಿತು. 1999ರಲ್ಲಿ ಪೋರ್ಚುಗಲ್ಲಿನ ಪೈನ್ ಕಾಡಿನಲ್ಲಿ ಕಣ್ಣಿಗೆ ಕಾಣದ ಒಂದು ಜಂತುಹುಳು ಸಿಕ್ಕಿತು. ಉತ್ತರ ಅಮೇರಿಕೆ ಅದರ ತವರು. ಅದಕ್ಕೂ ಮೊದಲು ಜಪಾನಿನ ಪೈನ್ ಕಾಡುಗಳನ್ನು ಸುಟ್ಟಂತೆ ಮಾಡಿತ್ತು. ಆಗ ಎಲ್ಲರ ಕಣ್ಣೂ ಬೆಲೆಯಿಲ್ಲದ ಪೆಟ್ಟಿಗೆಯ ಮೇಲೆ ಬಿದ್ದಿತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯ ಆಶ್ರಯದಲ್ಲಿ 2002ರಲ್ಲಿ ಸಸ್ಯರಕ್ಷಣೆಯ ಹದಿನೈದನೆಯ ಪ್ರಮಾಣ ಸಿದ್ಧವಾಯಿತು. ದೇಶ ದಾಟುವ ಪೆಟ್ಟಿಗೆ, ಚೌಕಟ್ಟುಗಳ ಮರ ತೊಗಟೆ ಕಳೆದಿರಬೇಕು. ಅದಕ್ಕೆ ಶಾಖವನ್ನಾಗಲಿ ಮೀಥೈಲ್ ಬ್ರೋಮೈಡನ್ನಾಗಲಿ ಕೊಟ್ಟಿರಬೇಕು. ಕೊಟ್ಟದ್ದಕ್ಕೆ ಗುರುತಾಗಿ ಗೋದಿಯ ತೆನೆಯ ಮುದ್ರೆ ಇರಬೇಕು. ಎಚ್, ಟಿ ಎಂದರೆ ಶಾಖ. ಎಂ, ಬಿ ಎಂದರೆ ಆ ಅನಿಲ. ಅಂಗಡಿಯ ಬಾಕಿನ ಮೇಲೆ ಹುಡುಗ ಕಂಡ ಜೋಳದ ತೆನೆಯ ಜಾತಕ ಇದು.

ಶಾಖವೆಂದರೆ ಎಷ್ಟು? ಮರದ ನಡುತಿರುಳು 56 ಡಿಗ್ರಿಗೆ ಏರಿ, ಅಲ್ಲಿ 30 ನಿಮಿಷ ನಿಲ್ಲಬೇಕು. ಪೈನಿನ ಜಂತುಹುಳು ಸಾಯುವ ಶಾಖವನ್ನು ಹುಡುಕಿ ನಿಶ್ಚಯಿಸಿದ ಲೆಕ್ಕ ಅದು. ಜಮಖಂಡಿಯ ಮೇ ತಿಂಗಳ ಬಿಸಿಲು ಸಾಕಲ್ಲವೇ ಎಂದು ಯಾರಾದರೂ ಹೇಳಿಯಾರು; ತಾಳಲಾರದ ದಿನವೂ ಗಾಳಿಯ ಶಾಖ 42ರ ಆಚೀಚೆ. ನೆತ್ತಿ ಸುಡುತ್ತದೆ, ಕುಟ್ಟೆ ಸುಡುವುದಿಲ್ಲ. ನಮ್ಮ ಅಜ್ಜಿ ತಗಣಿ ಹತ್ತಿದ ಹೊರಸನ್ನು ಅಂಗಳಕ್ಕೆ ತಂದು ಸಂದುಸಂದಿಗೂ ಕುದಿನೀರು ಹೊಯ್ಯುತ್ತಿದ್ದರು. ತಗಣಿಗೆ ಅದು ಸರಿಯಾದ ಶಾಸ್ತಿ. ಏಕೆಂದರೆ ತಗಣಿ ಇರುವುದು ಸಂದಿಯಲ್ಲಿ. ಕುಟ್ಟೆ ಇರುವುದು ತಿರುಳಿನ ಕಡೆಗೆ. ಮರ ಶಾಖವನ್ನು ಒಳಗೆ ಬಿಡಲು ಬಹಳ ಜಿಪುಣ. ಹೊರಮೈ ಮುಟ್ಟಲಾರದಷ್ಟು ಬಿಸಿಯಾಗಿದ್ದರೂ ಒಳಗೆ ಹುಳು ತಣ್ಣಗೆ ಮಲಗಿರಬಹುದು. ಆದ್ದರಿಂದ ಮುಚ್ಚಿದ ಕೋಣೆಯಲ್ಲಿ ಹಲಗೆಗಳ ನಡುವೆ ಸಂದು ಬಿಟ್ಟು ಒಟ್ಟಿ, ಎಲ್ಲಕ್ಕಿಂತ ದಪ್ಪನೆಯ ತುಂಡಿನ ನಡುವಿಗೆ ರಂಧ್ರ ಕೊರೆದು ಉಷ್ಣಮಾಪಕದ ಮೊನೆಯನ್ನು ಇಳಿಸಿ, ರಂಧ್ರದ ಬಾಯಿ ಮುಚ್ಚಿ, ಬಿಸಿಗಾಳಿಯನ್ನೋ ಹಬೆಯನ್ನೋ ಹಾಯಿಸುತ್ತಾರೆ. ತಿರುಳು 56ನ್ನು ಮುಟ್ಟಿದ ಮೇಲೆಯೇ ಗಡಿಯಾರ ನೋಡಲು ಆರಂಭ. ಅಷ್ಟು ಶಾಖದಲ್ಲಿ ಹುಳದ ಮೈಯೊಳಗಿನ ಸಸಾರಜನಕ ಕೆಟ್ಟುಹೋಗುತ್ತದೆ. ಕೋಣೆಯ ಬಾಗಿಲು ತೆರೆದಾಗ ಹೊರಗೆ ಬರುವುದು ಹಸಿಮರದ ವಾಸನೆಯೊಂದೇ. ಹಮಾಲ ನಿಶ್ಚಿಂತೆಯಿಂದ ಒಳಗೆ ಹೋಗಬಹುದು.

ಆಮೇಲೆ ಇನ್ನೆರಡು ದಾರಿಗಳೂ ಸೇರಿದವು. ಅಡಿಗೆಮನೆಯ ಮೈಕ್ರೋವೇವ್ ಒಲೆಯ ತತ್ತ್ವದಿಂದ ಮರವನ್ನು ಒಳಗಿನಿಂದಲೇ ಕಾಯಿಸಿ 60 ಡಿಗ್ರಿಯಲ್ಲಿ ಒಂದೇ ನಿಮಿಷ ಹಿಡಿಯುವ ಕ್ರಮಕ್ಕೆ 2013ರಲ್ಲಿ ಒಪ್ಪಿಗೆ ಸಿಕ್ಕಿತು. ಇದು ನನಗೆ ಬಹಳ ಮೆಚ್ಚಿಗೆಯಾದ ಉಪಾಯ, ಆದರೆ ಯಂತ್ರ ತುಟ್ಟಿ. 2018ರಲ್ಲಿ ಸಲ್ಫ್ಯೂರಿಲ್ ಫ್ಲೋರೈಡ್ ಎಂಬ ಬೇರೊಂದು ಅನಿಲಕ್ಕೂ ಒಪ್ಪಿಗೆಯಾಯಿತು. ಅದು ಓಝೋನಿಗೆ ಕೇಡು ಮಾಡುವುದಿಲ್ಲ ನಿಜ. ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲಾಮ್ಲಕ್ಕಿಂತ ಸಾವಿರಾರು ಪಟ್ಟು ಬಲವಾದದ್ದು. ಒಂದು ವಿಷಕ್ಕೆ ಇನ್ನೊಂದು ವಿಷವನ್ನು ಅಳಿಯತನಕ್ಕೆ ತಂದಂತೆ! ಐರೋಪ್ಯ ಒಕ್ಕೂಟ 2010ರಲ್ಲಿ ಮೀಥೈಲ್ ಬ್ರೋಮೈಡನ್ನು ಬಂದರುಗಳಲ್ಲೂ ಕೂಡದೆಂದು ಪೂರ್ಣವಾಗಿ ನಿಲ್ಲಿಸಿತು. ಪೆಟ್ಟಿಗೆಯ ಮರದ ಮಟ್ಟಿಗಾದರೂ ಶಾಖವೇ ಮುಂದಾಗುತ್ತ ಬಂದಿದೆ.

ಶಾಖಕ್ಕೂ ಒಂದು ಕುಂದುಂಟು, ಮುಚ್ಚಿಡಬಾರದು. ಅದು ಇದ್ದ ಹುಳವನ್ನು ಕೊಲ್ಲುತ್ತದೆ, ನಾಳೆ ಬರುವ ಹುಳವನ್ನು ತಡೆಯುವುದಿಲ್ಲ. ಬಡಿಗರ ಮಡುವಿನಲ್ಲಿ ಪಿಷ್ಟವೇ ಹೋಗುತ್ತಿತ್ತು. ಶಾಖದ ಕೋಣೆಯಲ್ಲಿ ಪಿಷ್ಟ ಹಾಗೆಯೇ ಉಳಿಯುತ್ತದೆ. ಹಾಗಾಗಿ ಮುದ್ರೆಯಿದ್ದ ಹಲಗೆಗೂ ಗೋದಾಮಿನಲ್ಲಿ ಹೊಸದಾಗಿ ಕುಟ್ಟೆ ಬಿದ್ದೀತು. ಅದಕ್ಕಿಂತ ದೊಡ್ಡ ಕುಂದು ಮನುಷ್ಯನದು. ಕೋಣೆ ಕಟ್ಟಲು ಹಣ ಬೇಕು, ಮುದ್ರೆಯ ಅಚ್ಚು ಮಾಡಿಸಲು ಏನು ಬೇಕು?

ನಮ್ಮ ಜಿಲ್ಲೆಯದೇ ಆದ ಇಳಕಲ್ಲಿನ ಕೆಂಪು ಗ್ರಾನೈಟ್ ಶಿಲೆ ಹಡಗು ಹತ್ತಿ ದೂರದೂರಕ್ಕೆ ಹೋಗುತ್ತದೆ. ಕಲ್ಲಿಗೆ ಕುಟ್ಟೆಯ ಭಯವಿಲ್ಲ, ಕಲ್ಲನ್ನು ಹಿಡಿದುಕೊಂಡ ಮರದ ಚೌಕಟ್ಟಿಗೆ ಉಂಟು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಂಥ ವ್ಯಾಪಾರದಲ್ಲಿ ಸಣ್ಣ ಪಾಲುದಾರ. ಕೆಲವು ವರ್ಷಗಳ ಹಿಂದೆ ಅಗ್ಗದ ಚೌಕಟ್ಟು ಕೊಟ್ಟವನೊಬ್ಬನನ್ನು ನಂಬಿದ. ತೆನೆಯ ಮುದ್ರೆ ಚೆನ್ನಾಗಿಯೇ ಇತ್ತು. ಆಚೆಯ ಬಂದರಿನಲ್ಲಿ ಪೆಟ್ಟಿಗೆ ತೆರೆದಾಗ ಹೊಳೆಯುವ ಕಲ್ಲಿನ ಮೇಲೆ ಹಿಟ್ಟಿನ ಗೆರೆ! ಸರಕು ತಡೆದರು, ಅದರ ಬಾಡಿಗೆ, ದಂಡ, ಹೊಸ ಚೌಕಟ್ಟು ಎಲ್ಲ ಸೇರಿ ಆ ವರ್ಷದ ಲಾಭವೆಲ್ಲ ಹೋಯಿತು. "ಸರ, ಹುಳಾ ನನ್ನ ಹೊಲದಾಗಿಂದೂ ಅಲ್ಲ, ಅವರ ದೇಶದಾಗಿಂದೂ ಅಲ್ಲ, ದಂಡ ಮಾತ್ರ ನನಗ" ಎಂದು ನನ್ನೆದುರು ಗೋಳಾಡಿದ. ನಾನು ಅವನಿಗೆ ಹೇಳಿದೆ, ಹುಳು ನಮ್ಮದೇ. ಇಂಡಿಯದಿಂದ ಹೋದ ಪೆಟ್ಟಿಗೆಗಳಲ್ಲಿ ಯುರೋಪಿನ ಬಂದರುಗಳವರು ಮತ್ತೆ ಮತ್ತೆ ಹಿಡಿದದ್ದು ಸೈನಾಕ್ಸಿಲಾನ್ ಎಂಬ ಕುಟ್ಟೆಯ ಜಾತಿಯನ್ನು. ನಾಲ್ಕೈದು ಮಿಲಿಮೀಟರ್ ಉದ್ದ, ಉರುಳೆಯಂಥ ಮೈ, ಬೆನ್ನಿನ ಕೊನೆಗೆ ಎರಡು ಮುಳ್ಳು, ಎದುರಿನಿಂದ ನೋಡಿದರೆ ಕುಂಚಿಗೆ ಹೊದ್ದಂತೆ ತಲೆ ಒಳಗೆ. ನಮ್ಮ ಕಟ್ಟಿಗೆಯ ಅಡ್ಡೆಗಳಲ್ಲಿ ಹೊಸದಾಗಿ ಕೊಯ್ದ ಯಾವ ಹಲಗೆಯ ಬಿಳಿಭಾಗದಲ್ಲಾದರೂ ಇದನ್ನು ಕಾಣಬಹುದು. ಪರದೇಶದ ಹುಳು ನಮ್ಮಲ್ಲಿಗೆ ಬಂದೀತೆಂದು 1906ರಲ್ಲಿ ಹೆದರಿದವರು ನಾವು. ನಮ್ಮ ಹುಳಕ್ಕೆ ಅವರು ಹೆದರುವ ಸರದಿಯೂ ಬಂದಿತೆಂದರೆ ವಾಚಕರು ನಗಬಹುದು. ನನ್ನ ವಿದ್ಯಾರ್ಥಿ ನಗಲಿಲ್ಲ.

ಮರದ ವಿಷಯದಲ್ಲಿ ನಮ್ಮ ನಾಡಿಗೆ ತಿಳಿವಳಿಕೆಯ ಬಡತನವೇನೂ ಇಲ್ಲ. ಬೆಂಗಳೂರಿನಲ್ಲಿ 1938ರಲ್ಲಿಯೇ ಮೈಸೂರು ಸಂಸ್ಥಾನ ಅರಣ್ಯ ಸಂಶೋಧನಾಲಯವನ್ನು ತೆರೆದಿತ್ತು. 1988ರಲ್ಲಿ ಅದು ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಾಯಿತು. ಕೇಂದ್ರ ಸರಕಾರದ ಸಸ್ಯ ಸಂರಕ್ಷಣ ಇಲಾಖೆ ಶಾಖದ ಕೋಣೆಗಳನ್ನು ಪರೀಕ್ಷಿಸಿ ಸಂಖ್ಯೆ ಕೊಡುತ್ತದೆ. ಆದರೆ ಅಂಥ ಕೋಣೆಗಳು ಬೆಳೆಯುವುದು ಬಂದರಿನ, ದೊಡ್ಡ ಪಟ್ಟಣಗಳ ಮಗ್ಗುಲಲ್ಲಿ. ಮುಧೋಳದ ಬಡಿಗ ಪೆಟ್ಟಿಗೆ ಮಾಡಬಲ್ಲ, ಮುದ್ರೆ ಒತ್ತಲಾರ. ಮಹಾಲಿಂಗಪುರದ ಸುತ್ತ ಆಲೆಮನೆಗಳಲ್ಲಿ ಕಬ್ಬಿನ ಸಿಪ್ಪೆ ಉರಿಸಿ ಕೊಪ್ಪರಿಗೆಯ ಪಾಕವನ್ನು ನೂರು ಡಿಗ್ರಿಗೂ ಮೇಲೆ ಕಾಯಿಸುವುದನ್ನು ಕಂಡಾಗಲೆಲ್ಲ ನನಗೆ ಒಂದು ಯೋಚನೆ ಬರುತ್ತದೆ. ಹೊಗೆಗೂಡಿನಿಂದ ಸುಮ್ಮನೆ ಮೇಲೆ ಹೋಗುವ ಆ ಶಾಖದಲ್ಲಿ ಒಂದು ಪಾಲನ್ನು ಪಕ್ಕದ ಮುಚ್ಚಿದ ಕೋಣೆಗೆ ತಿರುಗಿಸಿದರೆ 56 ಡಿಗ್ರಿ ಏನು ದೊಡ್ಡದು? ಎಂಜಿನಿಯರರು ಇದನ್ನು ಕೇಳಿ ಮಾಸ್ತರರ ಹುಚ್ಚು ಎಂದಾರು. ಏರಿಳಿಯುವ ಬೆಂಕಿಯಿಂದ ಏರಿಳಿಯದ ಶಾಖ ಪಡೆಯುವುದು ಸುಲಭವಲ್ಲವೆಂದು ನಾನೂ ಬಲ್ಲೆ. ಆದರೂ ಯಾರಾದರೂ ಒಂದು ಹಂಗಾಮು ಮಾಡಿ ನೋಡಲಿ ಎಂಬ ಆಸೆ.

ನಿನ್ನೆ ಮತ್ತೆ ಚಹದ ಅಂಗಡಿಗೆ ಹೋಗಿದ್ದೆ. ಒಲೆಯ ಪಕ್ಕದ ಮುರುಕು ಹಲಗೆಗಳನ್ನು ಒಂದೊಂದಾಗಿ ತಿರುವಿ ನೋಡಲು ಹುಡುಗನಿಗೆ ಹೇಳಿದೆ. ಎಂ, ಬಿ ಎಂದಿದ್ದರೆ ಅದನ್ನು ಚಹದ ಒಲೆಗೆ ಹಾಕುವುದು ಬೇಡವೆಂದು ಅವನ ತಂದೆಗೂ ತಿಳಿಸಿದೆ. ಹುಡುಗ ಪ್ರತಿಯೊಂದನ್ನೂ ಎತ್ತಿ ಹಿಡಿದು, ಹೊಸದಾಗಿ ಕಲಿತ ಇಂಗ್ಲಿಷಿನಲ್ಲಿ ದೊಡ್ಡ ದನಿಯಿಂದ ಓದಿದ: ಎಚ್, ಟಿ. ಎಚ್, ಟಿ. ಎಚ್, ಟಿ. ಕೊನೆಯ ಹಲಗೆಯ ಎರಡೂ ಮಗ್ಗುಲು ನೋಡಿ, "ಇದರಾಗ ಏನೂ ಬರದಿಲ್ರಿ, ಮಾಸ್ತರ್ರ" ಎಂದ. ಅದು ಪರದೇಶದ್ದಲ್ಲ; ಹಲಗೆ ಸಾಲದಾಗಿ ಇಲ್ಲಿಯದೇ ಒಂದು ಮಾವಿನ ತುಂಡನ್ನು ಅಡ್ಡೆಯಿಂದ ತಂದಿದ್ದರಂತೆ. ಅದರ ಜೊತೆಯದು ಬಾಕಿನ ಕಾಲಿಗೆ ಹೋಗಿದೆ ಎಂದ ಅಂಗಡಿಯವನು. ನಾನು ಬಗ್ಗಿ ನೋಡಿದೆ. ಕಾಲಿನ ಬುಡದಲ್ಲಿ ಒಂದು ಚಿಟಿಕೆಯಷ್ಟು ಹಿಟ್ಟು ಬಿದ್ದಿತ್ತು.